ಬಾಗಿಲು ತೆರೆದಿತ್ತು, ಬೆಕ್ಕು ಒಳಗೆ ಹೋಗಲಿಲ್ಲ

ರಾತ್ರಿ ಹನ್ನೊಂದು ದಾಟಿತ್ತು. ಪರದೆಯ ಮೇಲೆ ಜೋರು ಮಳೆ. ವೈಟ್‌ರನ್ ಎಂಬ ಊರಿನ ಕೋಟೆ ಬಾಗಿಲ ಹೊರಗೆ ನನ್ನ ಪಾತ್ರ ಸುಮ್ನೆ ನಿಂತಿತ್ತು. ಹೊರಲಾರದಷ್ಟು ಸಾಮಾನು ಬೆನ್ನ ಮೇಲೆ. ಅದನ್ನೆಲ್ಲ ಕೊಳ್ಳುವ ಅಂಗಡಿ ಬಾಗಿಲು ದಾಟಿದರೆ ಇದೆ. ಕಾವಲುಗಾರನಿಗೆ ಎರಡು ಮಾತು ಹೇಳಿದರೆ ಬಿಡುತ್ತಾನೆ. ನಾನು ಹೇಳಲಿಲ್ಲ. ಐದು ನಿಮಿಷವಾದರೂ ಏನೂ ಅಲ್ಲಾಡದ್ದು ನೋಡಿ, ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗ ಕೇಳಿದ: "ಗೇಮ್ ಹ್ಯಾಂಗ್ ಆಯ್ತಾ ಅಣ್ಣಾ?"

ಹ್ಯಾಂಗ್ ಆಗಿರಲಿಲ್ಲ. ಆಟದ ಹೆಸರು ಸ್ಕೈರಿಮ್. 2011ರ ನವೆಂಬರ್ 11ರಂದು ಬಂದದ್ದು, ಇವತ್ತಿಗೂ ಜನ ಆಡುತ್ತಿರುವುದು. ಅದರಲ್ಲಿ ಹತ್ತು ಜನಾಂಗಗಳಿವೆ, ನಾನು ಆರಿಸಿಕೊಂಡದ್ದು ಖಜೀಟ್ ಹೆಂಗಸು. ಬೆಕ್ಕಿನ ಮುಖ, ಬೆಕ್ಕಿನ ಬಾಲ. ಆ ನಾಡಿನಲ್ಲಿ ಖಜೀಟ್ ವ್ಯಾಪಾರಿಗಳನ್ನು ಊರೊಳಗೆ ಸೇರಿಸುವುದಿಲ್ಲ. ಕಳ್ಳರು ಅಂತ ಊರಿನವರಿಗೆ ಅನುಮಾನ. ಅದಕ್ಕೇ ಅವರು ಗೋಡೆಯ ಹೊರಗೆ ಗುಡಾರ ಹಾಕಿ ವ್ಯಾಪಾರ ಮಾಡುತ್ತಾರೆ, ಕೆಲವು ದಿನ ಬಿಟ್ಟು ಮುಂದಿನ ಊರಿಗೆ ಹೊರಡುತ್ತಾರೆ. ಆ ರಾತ್ರಿ ಗುಡಾರ ಖಾಲಿಯಾಗಿತ್ತು.

ತಮಾಷೆ ಏನೆಂದರೆ, ಈ ಕಟ್ಟುಪಾಡು ಆಟಗಾರನಿಗೆ ಇಲ್ಲವೇ ಇಲ್ಲ. ನನ್ನ ಬೆಕ್ಕು ಬಾಲ ಅಲ್ಲಾಡಿಸುತ್ತಾ ಒಡೆಯನ ಸಭೆಯವರೆಗೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೂ ನಾನು ಒಂದು ನಿಯಮ ಹಾಕಿಕೊಂಡಿದ್ದೆ: ತನ್ನವರನ್ನು ಬಿಡದ ಊರಿಗೆ ಅವಳೂ ಹೋಗಲ್ಲ. ಕೊನೆಗೆ ಎರಡು ಉಕ್ಕಿನ ಕವಚ ರಸ್ತೆ ಬದಿಗೆ ಎಸೆದು, ಹಗುರ ಮಾಡಿಕೊಂಡು, ತಡೆಯುವ ಬಾಗಿಲಿಲ್ಲದ ರಿವರ್‌ವುಡ್ ಹಳ್ಳಿಯ ಕಡೆ ನಡೆದೆ. ತಮ್ಮ ತಲೆ ಚಚ್ಚಿಕೊಂಡ.

ಇದನ್ನೇ ರೋಲ್‌ಪ್ಲೇ ಅನ್ನುವುದು. ಇಂಥ ದೊಡ್ಡ ಬಯಲು ಲೋಕದ ಆಟಗಳಲ್ಲಿ ಯಾರು ಎಷ್ಟು ಆಳಕ್ಕೆ ಇಳಿದು ಪಾತ್ರ ಆಡುತ್ತಾರೆ ಅನ್ನುವುದನ್ನು ಅಳೆಯಲು ಗಂಟೆಗಳ ಲೆಕ್ಕ ಸಾಲದು. ತಮ್ಮ ನನಗಿಂತ ಜಾಸ್ತಿ ಹೊತ್ತು ಆಡಿದ್ದಾನೆ. ಅವನ ಒಂದೇ ಪಾತ್ರ ಮಾಂತ್ರಿಕರ ಕಾಲೇಜಿನ ಮುಖ್ಯಸ್ಥ, ಕಳ್ಳರ ಸಂಘದ ನಾಯಕ, ಸುಪಾರಿ ಕೊಲೆಗಾರರ ಗುಂಪಿನ ದೊಡ್ಡ ತಲೆ, ಜೊತೆಗೆ ವೀರರ ಪಡೆಯ ಹಿರಿಯ. ಬೆಳಿಗ್ಗೆ ಒಬ್ಬನ ಪ್ರಾಣ ಉಳಿಸುತ್ತಾನೆ, ಸಂಜೆ ಅವನ ಪಕ್ಕದ ಮನೆಯವನನ್ನು ಮುಗಿಸುತ್ತಾನೆ. ಆಟ ಇದನ್ನೆಲ್ಲ ಒಪ್ಪುತ್ತದೆ. ನನ್ನ ಲೆಕ್ಕದಲ್ಲಿ ಆಳ ಗೊತ್ತಾಗುವುದು ಬೇರೆ ಕಡೆ: ಆಟ ಅವಕಾಶ ಕೊಟ್ಟರೂ ಪಾತ್ರ ಏನನ್ನು ಮಾಡುವುದಿಲ್ಲ ಅನ್ನುವಲ್ಲಿ.

ಇನ್ನೊಂದು ಸುಳಿವು ಮಾತಿನಲ್ಲಿ ಸಿಗುತ್ತದೆ. ತಮ್ಮ ಕತೆ ಹೇಳುವಾಗ "ನಾನು ಡ್ರ್ಯಾಗನ್ ಹೊಡೆದೆ, ನಾನು ಕತ್ತಿ ಮಾರಿದೆ" ಅನ್ನುತ್ತಾನೆ. ನನ್ನ ಬಾಯಲ್ಲಿ "ಅವಳು ಒಳಗೆ ಹೋಗಲ್ಲ" ಅಂತ ಬರುತ್ತದೆ. ಇದು ಎಲ್ಲರಿಗೂ ಹೊಂದುವುದಿಲ್ಲ, ಒಪ್ಪುತ್ತೇನೆ. ತಮ್ಮನ್ನೇ ಆ ಲೋಕದೊಳಗೆ ಕಳಿಸುವವರೂ ಇದ್ದಾರೆ. "ನಾನೇ ಆ ಚಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಏನು ಮಾಡುತ್ತಿದ್ದೆ" ಅಂತ ಕೇಳಿಕೊಂಡು ಆಡುವವರು. ಅವರೂ ಆಳಕ್ಕೆ ಇಳಿದವರೇ, ಇಳಿಯುವ ಮೆಟ್ಟಿಲು ಬೇರೆ ಅಷ್ಟೆ.

ಗೇಮ್‌ಗಳ ಜಗತ್ತಿನಲ್ಲಿ ಆರ್‌ಪಿಜಿ, ಅಂದರೆ ರೋಲ್‌ಪ್ಲೇಯಿಂಗ್ ಗೇಮ್, ಅನ್ನುವ ಹೆಸರಿನಲ್ಲೇ ಪಾತ್ರ ಆಡುವುದು ಇದೆ. ಆದರೆ ಈಗ ಲೆವೆಲ್ ಏರುವ, ಅಂಕಿ ಬೆಳೆಯುವ ಯಾವ ಆಟಕ್ಕೂ ಅದೇ ಹೆಸರು. ಮೂಲ ಬೇರೆ ಇತ್ತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ, ಕಾಗದ, ದಾಳ. ಒಬ್ಬ ಲೋಕವನ್ನು ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. "ನಾನು ಊರೊಳಗೆ ಬರಲ್ಲ" ಅಂತ ಯಾರಾದರೂ ಅಂದರೆ, ನಡೆಸುವವನು ತಕ್ಷಣ ಕತೆ ತಿರುಗಿಸುತ್ತಾನೆ. ಕಾವಲುಗಾರನೇ ಹೊರಗೆ ಬಂದು ಕಾರಣ ಕೇಳಬಹುದು. ಅಂದರೆ ನಿಮ್ಮ ಮಾತನ್ನು ಕೇಳಿಸಿಕೊಳ್ಳುವ ಕಿವಿ ಅಲ್ಲಿದೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಪ್ರಸಂಗ ಮೊದಲೇ ಗೊತ್ತು. ಆದರೆ ಪದ್ಯ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತು ಅವನದೇ. ಅವನು ಹೊಸ ವಾದ ಎತ್ತಿದರೆ ಎದುರಿನ ಅರ್ಥಧಾರಿ ಅದಕ್ಕೆ ಉತ್ತರ ಹುಡುಕಲೇಬೇಕು. ಕಂಪ್ಯೂಟರಿನಲ್ಲಿ ಒಬ್ಬನೇ ಆಡುವ ಆಟ ಎದುರು ಅರ್ಥಧಾರಿ ಇಲ್ಲದ ತಾಳಮದ್ದಳೆ. ಪ್ರಸಂಗ ಇದೆ, ಭಾಗವತರೂ ಇದ್ದಾರೆ ಅನ್ನಿ. ನಿಮ್ಮ ಅರ್ಥಕ್ಕೆ ಉತ್ತರ ಕೊಡುವವರು ಇಲ್ಲ. ನನ್ನ ಬೆಕ್ಕು ಬಾಗಿಲಲ್ಲಿ ಯಾಕೆ ನಿಂತಿತು ಅನ್ನುವುದು ಸ್ಕೈರಿಮ್‌ಗೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ನಾನು ಕೀಬೋರ್ಡ್ ಬಿಟ್ಟು ಚಹಾ ಮಾಡಲು ಎದ್ದು ಹೋದ ಹಾಗೆ.

ಆನ್‌ಲೈನ್ ಆಟಗಳಲ್ಲಿ ಈ ತೊಂದರೆ ಕಡಿಮೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರೋಲ್‌ಪ್ಲೇಗೆಂದೇ ಬೇರೆ ಸರ್ವರ್‌ಗಳಿದ್ದವು. ಅಲ್ಲಿ ಪಾತ್ರವಾಗಿ ಆಡುತ್ತಿದ್ದವರು ಪಾತ್ರದ ಹೊರಗಿನ ಮಾತನ್ನು, ಅಂದರೆ "ಊಟಕ್ಕೆ ಕರೀತಿದಾರೆ, ಬಂದೆ" ಅನ್ನುವಂಥದ್ದನ್ನು, ಎರಡೆರಡು ಬ್ರ್ಯಾಕೆಟ್ ಒಳಗೆ ಬರೆಯುವ ರೂಢಿ ಬೆಳೆಸಿಕೊಂಡರು. ಆ ಬ್ರ್ಯಾಕೆಟ್ ನನಗೆ ತುಂಬ ಇಷ್ಟ. ಒಂದೇ ತಲೆಯೊಳಗೆ ಎಷ್ಟು ಜನ ಇದ್ದಾರೆ ಅನ್ನುವುದನ್ನು ಅದು ತೋರಿಸುತ್ತದೆ.

ಎಷ್ಟು ಜನ? ಮೂವರು ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ 1983ರಲ್ಲೇ ವಿವರಿಸಿದ್ದರು. ಮೇಜಿನ ಆಟದವರ ಜೊತೆ ಕೂತು ನೋಡಿದ ಮೇಲೆ. ಮೊದಲನೆಯದು ಮನುಷ್ಯ: ನಾಳೆ ಆಫೀಸಿದೆ, ಮಲಗಬೇಕು ಅನ್ನುವವನು. ಎರಡನೆಯದು ಆಟಗಾರ: ಆಟದ ನಿಯಮ, ಲಾಭ ನಷ್ಟ ಎಲ್ಲ ಬಲ್ಲವನು. ಮೂರನೆಯದು ಪಾತ್ರ: ತನ್ನ ಲೋಕ ಬಿಟ್ಟರೆ ಬೇರೇನೂ ಗೊತ್ತಿಲ್ಲದವಳು. ಆಡುತ್ತಾ ನಾವು ಈ ಮೂರರ ನಡುವೆ ಓಡಾಡುತ್ತಲೇ ಇರುತ್ತೇವೆ. ಪೂರ್ತಿ ಮುಳುಗಿದವರೂ ಫೋನ್ ರಿಂಗಾದರೆ ಮೇಲೆ ಬರುತ್ತಾರೆ.

ಇದರಲ್ಲಿ ಕಷ್ಟದ ಜಗಳ ಆಟಗಾರನಿಗೂ ಪಾತ್ರಕ್ಕೂ ನಡೆಯುವುದು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಸ್ಕೈರಿಮ್‌ನ ಶುರುವಿನಲ್ಲೇ ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನುವ ಹಳೆಯ ಗೋರಿ ಸಿಗುತ್ತದೆ. ಒಳಗೆ ಒಂದು ಕಲ್ಲಿನ ಬಾಗಿಲು. ಅದರ ಮೇಲೆ ಮೂರು ಉಂಗುರ, ಉಂಗುರಗಳಲ್ಲಿ ಪ್ರಾಣಿಗಳ ಚಿತ್ರ. ಸರಿಯಾಗಿ ಹೊಂದಿಸಿ, ಪಂಜದ ಆಕಾರದ ಚಿನ್ನದ ಉಗುರು ಒತ್ತಿದರೆ ಬಾಗಿಲು ತೆರೆಯುತ್ತದೆ. ಉತ್ತರ ಆ ಉಗುರಿನ ಅಂಗೈ ಭಾಗದಲ್ಲೇ ಕೆತ್ತಿದೆ: ಕರಡಿ, ಪತಂಗ, ಗೂಬೆ. ಎರಡನೇ ಸಲ ಆಡುವವರಿಗೆ ಇದು ಬಾಯಿಪಾಠ. ತಮ್ಮ ಮೂರು ಸೆಕೆಂಡಿನಲ್ಲಿ ತಿರುಗಿಸಿ ಒಳಗೆ ಹೋಗುತ್ತಾನೆ. ಪಾತ್ರ ಬಿಡದೆ ಆಡುವವರು ಏನು ಮಾಡುತ್ತಾರೆ ಗೊತ್ತಾ? ಹತ್ತನೇ ಸಲ ಆಡಿದರೂ ಬಾಗಿಲ ಮುಂದೆ ನಿಲ್ಲುತ್ತಾರೆ, ಚೀಲ ತೆರೆಯುತ್ತಾರೆ, ಉಗುರನ್ನು ಹೊರಳಿಸಿ ಅಂಗೈ ನೋಡುತ್ತಾರೆ. ಆಮೇಲೆ ಉಂಗುರ ತಿರುಗಿಸುತ್ತಾರೆ. ಇದರಿಂದ ಲಾಭ ಏನೂ ಇಲ್ಲ. ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಕೈ ಮಾಡಬಾರದು, ಅಷ್ಟೆ.

ಮೇಲು ಮೇಲಿನ ಹಂತದಲ್ಲಿ ರೋಲ್‌ಪ್ಲೇ ಅಂದರೆ "ನಾನು ಬಿಲ್ಲುಗಾರ", "ನಾನು ಮಾಂತ್ರಿಕ" ಅನ್ನುವುದು. ಸ್ಕೈರಿಮ್‌ನಲ್ಲಿ 18 ಕೌಶಲಗಳಿವೆ, ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಒಳ್ಳೆಯ ಉಪಾಯವೇ. ಆದರೆ ಅಂಕಿಗಳಿಗೂ ಒಂದು ಇಳಿಜಾರು ಇರುತ್ತದೆ, ನೀರು ಅಲ್ಲಿಗೇ ಹರಿಯುತ್ತದೆ. ಅಡಗಿ ಬಿಟ್ಟ ಬಾಣಕ್ಕೆ ಮಾಮೂಲಿಗಿಂತ 2 ಪಟ್ಟು ಪೆಟ್ಟು, ಒಂದು ಪರ್ಕ್, ಅಂದರೆ ಕೌಶಲಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಶಕ್ತಿ, ತೆಗೆದುಕೊಂಡರೆ 3 ಪಟ್ಟು. ಹಾಗಾಗಿ ಗದೆ ಹಿಡಿದ ಯೋಧ ಅಂತ ಶುರು ಮಾಡಿದವನೂ ಕೊನೆಗೆ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬಾಣ ಬಿಡುತ್ತಿರುತ್ತಾನೆ. ಆಡಿದವರೆಲ್ಲ ನಗುವ ಹಳೇ ಜೋಕ್ ಇದು. ಗದೆಯವನನ್ನು ಗದೆಯವನಾಗಿಯೇ ಉಳಿಸಿಕೊಳ್ಳಲು ಸ್ವಲ್ಪ ಹಠ ಬೇಕು. ಸೋಲಲು ತಯಾರಿರಬೇಕು.

ಅದರ ಕೆಳಗಿನ ಹಂತ ಮೈಗೆ ಸಂಬಂಧಿಸಿದ್ದು. ನಕ್ಷೆ ಒತ್ತಿ ಒಂದೂರಿಂದ ಇನ್ನೊಂದೂರಿಗೆ ಹಾರುವ ಫಾಸ್ಟ್ ಟ್ರಾವೆಲ್ ಬಿಡುವುದು. ಊರೊಳಗೆ ಓಡದೆ, ಕ್ಯಾಪ್ಸ್ ಲಾಕ್ ಒತ್ತಿ ನಡೆಯುವುದು. ಹೊತ್ತಿಗೆ ಸರಿಯಾಗಿ ತಿನ್ನುವುದು, ಕತ್ತಲಾದರೆ ಛತ್ರದಲ್ಲಿ ಹಾಸಿಗೆ ಹಿಡಿಯುವುದು. ಮೂಲ ಆಟದಲ್ಲಿ ಹಸಿವೂ ಇಲ್ಲ ಚಳಿಯೂ ಇಲ್ಲ, ಹಿಮದ ನದಿಯಲ್ಲಿ ಬರಿಮೈಯಲ್ಲಿ ಈಜಿದರೂ ಏನೂ ಆಗದು. ಇದು ಸಾಲದೆಂದು ಅಭಿಮಾನಿಗಳೇ ಮಾಡ್‌ಗಳನ್ನು, ಅಂದರೆ ಆಟಕ್ಕೆ ಹೊರಗಿಂದ ಸೇರಿಸುವ ತುಣುಕುಗಳನ್ನು ಬರೆದರು. ಕೊನೆಗೆ ಆಟ ತಯಾರಿಸಿದ ಬೆಥೆಸ್ಡಾ ಕಂಪನಿಯೇ 2017ರಲ್ಲಿ ಸರ್ವೈವಲ್ ಮೋಡ್ ಕೊಟ್ಟಿತು. ಅದರಲ್ಲಿ ಹಸಿವು, ಚಳಿ, ಸುಸ್ತು ಮೂರೂ ಇವೆ, ಫಾಸ್ಟ್ ಟ್ರಾವೆಲ್ ಇಲ್ಲ, ಮಲಗಿದರೆ ಮಾತ್ರ ಲೆವೆಲ್ ಏರುತ್ತದೆ. ಸಮಯದ ಲೆಕ್ಕವೂ ಇಲ್ಲಿ ಮುಖ್ಯ. ನಮ್ಮ 1 ನಿಮಿಷಕ್ಕೆ ಆಟದಲ್ಲಿ 20 ನಿಮಿಷ ಕಳೆಯುತ್ತದೆ, ಅಂದರೆ ಅಲ್ಲಿನ ಇಡೀ ದಿನ ನಮ್ಮ 72 ನಿಮಿಷ. ನಡೆದೇ ಹೋಗುವವರಿಗೆ ಪಕ್ಕದೂರು ತಲುಪುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹಾಗಾಗಿ ಕೆಲವರು ಆ ಅಂಕಿಯನ್ನೇ ತಗ್ಗಿಸಿಕೊಳ್ಳುತ್ತಾರೆ.

ಇಲ್ಲೊಂದು ಮಾತು. ಹಸಿವು ಚಳಿ ಸೇರಿಸಿದರೆ ಆಳ ಬಂತು ಅಂತ ಬಹಳ ಜನ ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಆಟವನ್ನು ಕಷ್ಟ ಮಾಡುತ್ತದೆ, ಪಾತ್ರಕ್ಕೆ ಜೀವ ಕೊಡಲೇಬೇಕೆಂದಿಲ್ಲ. ರೊಟ್ಟಿ ತಿನ್ನುವುದು ಇನ್ನೊಂದು ಅಂಕಿ ತುಂಬುವ ಕೆಲಸವಾಗಿಬಿಡಬಹುದು. ಪಾತ್ರಕ್ಕೆ ಒಂದು ನಂಬಿಕೆ, ಒಂದು ಭಯ, ಒಂದು ಹಳೇ ಸಿಟ್ಟು ಬೇಕು. ವಿಂಡ್‌ಹೆಲ್ಮ್ ಊರಿನಲ್ಲಿ ಕಪ್ಪು ಎಲ್ಫ್ ಜನಾಂಗದವರನ್ನು ಒಂದು ಕೊಳಕು ಕೇರಿಯಲ್ಲಿ ಇಟ್ಟಿದ್ದಾರೆ, ಹಲ್ಲಿ ಮೈಯ ಆರ್ಗೋನಿಯನ್ನರನ್ನು ಗೋಡೆಯ ಹೊರಗೆ ಬಂದರಿನಲ್ಲಿ. ಆ ಊರೇ ಸ್ಟಾರ್ಮ್‌ಕ್ಲೋಕ್ ಬಂಡಾಯಗಾರರ ಕೇಂದ್ರ. ನೀವು ಕಪ್ಪು ಎಲ್ಫ್ ಆಗಿದ್ದರೂ ಆ ಪಡೆಗೆ ಸೇರಬಹುದು, ಆಟ ಬೇಡ ಅನ್ನುವುದಿಲ್ಲ. ಸೇರುವಾಗ ನಿಮ್ಮ ಪಾತ್ರ ತನಗೆ ತಾನೇ ಏನು ಹೇಳಿಕೊಳ್ಳುತ್ತದೆ? ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಹೊಟ್ಟೆ ತುಂಬಿದೆಯೋ ಇಲ್ಲವೋ ಅನ್ನುವುದು ಸಣ್ಣ ಮಾತು.

ಆಟದ ರಚನೆ ಇದಕ್ಕೆ ಎಷ್ಟು ಜಾಗ ಬಿಡುತ್ತದೆ ಅನ್ನುವುದೂ ದೊಡ್ಡ ವಿಷಯ. ಈ ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ ಮೊರೊವಿಂಡ್, ಆಬ್ಲಿವಿಯನ್, ಸ್ಕೈರಿಮ್ ಮೂರರಲ್ಲೂ ನೀವು ಶುರು ಮಾಡುವುದು ಕೈದಿಯಾಗಿ. ಇದು ಜಾಣತನ. ಕೈದಿಗೆ ಒಂದು ಹಿಂದಿನ ಕತೆ ಇದ್ದೇ ಇರುತ್ತದೆ, ಅದು ಏನು ಅಂತ ಆಟ ಹೇಳುವುದಿಲ್ಲ, ನೀವು ತುಂಬಿಕೊಳ್ಳಬಹುದು. ನಿಮ್ಮ ಪಾತ್ರಕ್ಕೆ ಧ್ವನಿಯೂ ಇಲ್ಲ, ಹಾಗಾಗಿ ಯಾವ ಧ್ವನಿ ಬೇಕಾದರೂ ಕೇಳಿಸಿಕೊಳ್ಳಬಹುದು. 2015ರ ವಿಚರ್ 3ರಲ್ಲಿ ನೀವು ಗೆರಾಲ್ಟ್ ಅನ್ನುವವನೇ. ಅವನಿಗೆ ಹೆಸರು, ಹಳೇ ಪ್ರೇಮ, ಗಡಸು ಕಂಠ ಎಲ್ಲ ಇದೆ. ಅದು ಬೇರೆ ಥರದ ಸುಖ: ಬರೆದಿಟ್ಟ ಪಾತ್ರವನ್ನು ಚೆನ್ನಾಗಿ ನಡೆಸುವುದು. ಅದೇ ವರ್ಷ ಬೆಥೆಸ್ಡಾ ಫಾಲ್‌ಔಟ್ 4ರಲ್ಲಿ ನಾಯಕನಿಗೆ ಧ್ವನಿ ಕೊಟ್ಟಾಗ ಹಳೇ ಅಭಿಮಾನಿಗಳು ಗೊಣಗಿದರು. 2023ರ ಸ್ಟಾರ್‌ಫೀಲ್ಡ್‌ನಲ್ಲಿ ನಾಯಕ ಮತ್ತೆ ಮೂಕ.

ಜಾಗ ಬಿಡುವುದರಲ್ಲಿ 2002ರ ಮೊರೊವಿಂಡ್ ಒಂದು ಕೈ ಮೇಲು. ಅಲ್ಲಿ ಎಲ್ಲಿಗೆ ಹೋಗಬೇಕು ಅಂತ ತೋರಿಸುವ ಬಾಣದ ಗುರುತಿಲ್ಲ. ದಾರಿಹೋಕರು ಹೇಳಿದ ಗುರುತು ಹಿಡಿದು, ಡೈರಿ ನೋಡಿಕೊಂಡು ಹೋಗಬೇಕು. ನಮ್ಮ ಹಳ್ಳಿ ದಾರಿ ಕೇಳಿದ ಹಾಗೆ. ಪಾತ್ರ ದಾರಿ ತಪ್ಪಿದರೆ ನೀವೂ ತಪ್ಪುತ್ತೀರಿ. ಮುಖ್ಯ ಕತೆಗೆ ಬೇಕಾದವನನ್ನೂ ಅಲ್ಲಿ ಕೊಲ್ಲಬಹುದು. ಕೊಂದರೆ ಒಂದು ಸಂದೇಶ ಬರುತ್ತದೆ: ವಿಧಿಯ ಎಳೆ ಕಡಿಯಿತು, ಹಳೆಯ ಸೇವ್‌ಗೆ ಹಿಂತಿರುಗು, ಇಲ್ಲವೇ ನೀನೇ ಕೆಡಿಸಿದ ಲೋಕದಲ್ಲಿ ಬದುಕು ಅನ್ನುವ ಅರ್ಥದ್ದು. ಆಮೇಲೆ ಬಂದ ಆಬ್ಲಿವಿಯನ್, ಸ್ಕೈರಿಮ್‌ಗಳಲ್ಲಿ ಅಂಥ ಮುಖ್ಯರು ಸಾಯುವುದೇ ಇಲ್ಲ. ಪ್ರಜ್ಞೆ ತಪ್ಪಿ ಬಿದ್ದೋ ಮಂಡಿಯೂರಿ ಕೂತೋ, ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾರೆ. ಇನ್ನು ಅಂಗಡಿಯವನ ತಲೆಗೆ ಬಕೆಟ್ ಕವುಚಿದರೆ ಅವನ ಕಣ್ಣೆದುರೇ ಕದಿಯಬಹುದು ಅನ್ನುವ ಸ್ಕೈರಿಮ್ ಮಹಿಮೆಯ ಬಗ್ಗೆ ಏನು ಹೇಳಲಿ. ಎಂಥ ಘನ ಗಂಭೀರ ಪಾತ್ರವೂ ಒಂದು ಸಲವಾದರೂ ಅದನ್ನು ಮಾಡಿ ನೋಡಿರುತ್ತದೆ.

ಕೇಳುವವರೇ ಇಲ್ಲದ ಕಡೆ ಇಷ್ಟೆಲ್ಲ ಯಾಕೆ ಅಂತ ತಮ್ಮ ಕೇಳುತ್ತಲೇ ಇದ್ದ. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ನನ್ನ ಆಟದಲ್ಲಿ ಡ್ರ್ಯಾಗನ್‌ಗಳೇ ಇರಲಿಲ್ಲ. ಶುರುವಿನಲ್ಲಿ ಹೆಲ್ಗೆನ್ ಊರು ಸುಟ್ಟದ್ದು ಒಂದು, ಆಮೇಲೆ ವಾರಗಟ್ಟಲೆ ಆಡಿದರೂ ಆಕಾಶ ಖಾಲಿ. ಕಾರಣ ಹೀಗಿದೆ: ಮುಖ್ಯ ಕತೆ ಮುಂದೆ ಸಾಗಬೇಕಾದರೆ ವೈಟ್‌ರನ್ ಒಡೆಯನನ್ನು ಕಾಣಬೇಕು, ಅವನು ಹೇಳಿದ ಕೆಲಸ ಮುಗಿಸಿ, ಊರ ಹೊರಗಿನ ಕಾವಲು ಗೋಪುರದ ಹತ್ತಿರ ಮೊದಲ ಡ್ರ್ಯಾಗನ್ ಕೊಲ್ಲಬೇಕು. ಅಲ್ಲಿಯವರೆಗೆ ಬೇರೆ ಡ್ರ್ಯಾಗನ್‌ಗಳು ನಾಡಿನ ಮೇಲೆ ಹಾರಾಡುವುದೇ ಇಲ್ಲ. ನನ್ನ ಬೆಕ್ಕು ಆ ಊರಿಗೆ ಕಾಲಿಡಲಿಲ್ಲ. ಹಾಗಾಗಿ ಅವಳು ಕತೆಯ ನಾಯಕಿ ಆಗಲೇ ಇಲ್ಲ. ಗೋಡೆ ಹೊರಗೆ ವ್ಯಾಪಾರ ಮಾಡುವ, ಮಳೆಗೆ ನೆನೆಯುವ, ಮೀನು ಒಣಗಿಸುವ ಒಬ್ಬಳು ಸಾಮಾನ್ಯ ಹೆಂಗಸು. ಆಟಕ್ಕೆ ನನ್ನ ನಿಯಮ ಗೊತ್ತಿರಲಿಲ್ಲ ನಿಜ. ಆದರೂ ಒಂದು ಬಾಗಿಲು ದಾಟದೆ ಹೋದದ್ದಕ್ಕೆ ಇಡೀ ಆಕಾಶ ಬದಲಾಗಿತ್ತು.

ಪಾತ್ರವೂ ನಮ್ಮನ್ನು ಸ್ವಲ್ಪ ಎಳೆಯುತ್ತದೆ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಎಂಬ ಸಂಶೋಧಕರು ಜನರಿಗೆ ಕಂಪ್ಯೂಟರ್ ಲೋಕದಲ್ಲಿ ಬೇರೆ ಬೇರೆ ದೇಹ ಕೊಟ್ಟು ನೋಡಿದರು. ಎತ್ತರದ ದೇಹ ಸಿಕ್ಕವರು ಹಣ ಹಂಚುವ ಚೌಕಾಸಿಯಲ್ಲಿ ಜಾಸ್ತಿ ಪಟ್ಟು ಹಿಡಿದರು. ನೋಡಲು ಚೆಂದದ ದೇಹ ಸಿಕ್ಕವರು ಎದುರಿನವರಿಗೆ ಹೆಚ್ಚು ಹತ್ತಿರ ಬಂದು ಮಾತಾಡಿದರು. ಇದಕ್ಕೆ ಪ್ರೋಟಿಯಸ್ ಪರಿಣಾಮ ಅಂತ ಹೆಸರಿಟ್ಟರು. ಪಾತ್ರದ ಸಿಟ್ಟು, ದುಃಖ ಆಟ ಮುಗಿದ ಮೇಲೂ ಮೈಯಲ್ಲಿ ಉಳಿಯುವುದಕ್ಕೆ ರೋಲ್‌ಪ್ಲೇ ಮಾಡುವವರು ಬ್ಲೀಡ್ ಅನ್ನುತ್ತಾರೆ. ಚೌಕಿಯಲ್ಲಿ ಬಣ್ಣ ತೆಗೆದ ಮೇಲೂ ವೇಷ ಪೂರ್ತಿ ಇಳಿಯದ ಹಾಗೆ. ನನಗೆ ಬಂದದ್ದು ಸಣ್ಣದು. ಆ ಲೋಕದಲ್ಲಿ ಖಜೀಟ್‌ಗಳು ತಮ್ಮ ಬಗ್ಗೆ ತಾವೇ "ಖಜೀಟ್‌ಗೆ ಇದು ಬೇಡ" ಅನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಒಂದು ದಿನ ಅಮ್ಮ ಇನ್ನೊಂದು ಚಪಾತಿ ಹಾಕಲು ಬಂದಾಗ "ಈ ಬೆಕ್ಕಿಗೆ ಸಾಕು" ಅಂದುಬಿಟ್ಟೆ.

ಇದು ಹುಡುಗರ ಹುಚ್ಚು ಅಂದುಕೊಳ್ಳುವವರು ಅಮೆರಿಕದ ಶರ್ಲಿ ಕರಿ ಅವರನ್ನು ನೋಡಬೇಕು. 1936ರಲ್ಲಿ ಹುಟ್ಟಿದವರು. ಎಂಬತ್ತರ ಹತ್ತಿರ ಬಂದಾಗ ಯೂಟ್ಯೂಬ್‌ನಲ್ಲಿ ಸ್ಕೈರಿಮ್ ಆಡುತ್ತಾ ಜನರಿಗೆ ಪರಿಚಯವಾದರು, ನೋಡುವವರನ್ನು ಮೊಮ್ಮಕ್ಕಳೇ ಅಂತ ಕರೆಯುತ್ತಿದ್ದರು. ಅವರ ಪಾತ್ರಗಳಿಗೆಲ್ಲ ಅವರದೇ ಕತೆ ಇರುತ್ತಿತ್ತು. ಮುಂದಿನ ಎಲ್ಡರ್ ಸ್ಕ್ರೋಲ್ಸ್ ಆಟದಲ್ಲಿ ಅವರನ್ನು ಹೋಲುವ ಪಾತ್ರ ಇರುತ್ತದೆ ಅಂತ 2019ರಲ್ಲಿ ಬೆಥೆಸ್ಡಾ ಹೇಳಿತು. ಆಟ ಆಡುತ್ತಾ ಪಾತ್ರ ಕಟ್ಟಿದ ಅಜ್ಜಿ, ಸ್ವತಃ ಒಂದು ಪಾತ್ರವಾಗುವುದು.

ಹಾಗಂತ ಆಳಕ್ಕೆ ಇಳಿಯದವರು ಕಡಿಮೆ ಆಟಗಾರರು ಅಂತ ನಾನು ಹೇಳಲ್ಲ. ದಿನವಿಡೀ ದುಡಿದು ಬಂದವರಿಗೆ ಅರ್ಧ ಗಂಟೆ ಡ್ರ್ಯಾಗನ್ ಹೊಡೆಯುವುದೇ ಸಾಕಾಗಬಹುದು. ನಾನೂ ಎಷ್ಟೋ ರಾತ್ರಿ ನಿದ್ದೆ ತಡೆಯಲಾರದೆ ನಕ್ಷೆ ಒತ್ತಿ ಹಾರಿದ್ದೇನೆ, ಆಮೇಲೆ ಬೆಕ್ಕಿಗೆ ಯಾರೋ ಗಾಡಿಯವನು ಸಿಕ್ಕಿದ್ದ ಅಂತ ಕತೆ ಕಟ್ಟಿಕೊಂಡಿದ್ದೇನೆ.

ಹೋದ ವಾರ ತಮ್ಮ ಹೊಸ ಪಾತ್ರ ಶುರು ಮಾಡಿದ. ಓರ್ಕ್ ಜನಾಂಗದವನು, ಕೈಯಲ್ಲಿ ದೊಡ್ಡ ಕೊಡಲಿ. ನಾನು ಏನೂ ಹೇಳಿರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ವಿಂಟರ್‌ಹೋಲ್ಡ್‌ನಲ್ಲಿ ಮಾಂತ್ರಿಕರ ಕಾಲೇಜಿನ ಸೇತುವೆ ಹತ್ತಿರ ನಿಂತಿದ್ದ. ಬಾಗಿಲು ಕಾಯುವ ಎಲ್ಫ್ ಹೆಂಗಸು ಒಂದು ಮಂತ್ರ ಮಾಡಿ ತೋರಿಸು ಅನ್ನುತ್ತಾಳೆ. ಬರದಿದ್ದರೆ 30 ನಾಣ್ಯಕ್ಕೆ ಅವಳೇ ಕಲಿಸುತ್ತಾಳೆ. ಇದೇ ಬಾಗಿಲಿಂದ ಹೋಗಿ ಹೋದ ಸಲ ಅವನು ಮುಖ್ಯಸ್ಥನಾಗಿದ್ದು, ಹೆಚ್ಚು ಮಂತ್ರ ಕಲಿಯದೆಯೇ. ಈ ಸಲ ಮಾತು ಅರ್ಧಕ್ಕೆ ಬಿಟ್ಟು ತಿರುಗಿ ಬಂದ. ಹಿಮ ಬೀಳುತ್ತಿತ್ತು.

"ದುಡ್ಡಿಲ್ವಾ?" ಅಂದೆ.

"ಇದೆ ಅಣ್ಣಾ, ಒಂಬೈನೂರು ಇದೆ. ಅವನು ಕೊಡಲ್ಲ."

ಕ್ಯಾಪ್ಸ್ ಲಾಕ್ ಒತ್ತಿ, ಆ ಓರ್ಕ್ ನಿಧಾನಕ್ಕೆ ಇಳಿಜಾರಿನಲ್ಲಿ ಛತ್ರದ ಕಡೆ ನಡೆದ.